ಹೆರಿಗೆ ಮಾಡಿಸಿದವರ ಹೆಸರು

"ಗೈರ್ ಮುಲ್ಕಿ ಮಂದಿ ಹೆರಿಗಿಗೆ ಕೈ ಹಚ್ಚಂಗಿಲ್ಲ. ಹೊರಗ ಬಾ!" ಮಾನ್ವಿ ದವಾಖಾನೆಯ ಪರದೆಯಾಚೆ ನಿಂತು ಮೇಲ್ವಿಚಾರಕ ಸಾಹೇಬರು ಗದರಿದರು. ಅಹಲ್ಯಾಬಾಯಿ ಅಲುಗಲಿಲ್ಲ. ಮಗುವಿನ ತಲೆ ಆಗಲೇ ಅವಳ ಅಂಗೈಯಲ್ಲಿತ್ತು.

೧೯೪೪ರಲ್ಲಿ ಅವಳು ಬ್ರಿಟಿಷರ ಸೀಮೆಯ ಆದವಾನಿಯಿಂದ ನಿಜಾಮರ ರಾಯಚೂರಿಗೆ ಹೆರಿಗೆ ವಿದ್ಯೆ ಕಲಿಯಲು ಬಂದಿದ್ದಳು. ಆರು ತಿಂಗಳು ಪಾಠ, ಆರು ತಿಂಗಳು ಮಾನ್ವಿ ದವಾಖಾನೆಯಲ್ಲಿ ಕೆಲಸ. ಎರಡೂ ಮುಗಿದರೆ ಸರ್ಟಿಫಿಕೇಟು. ಪಾಠಕ್ಕೆ ಕೂರಿಸಿಕೊಂಡವರೇ ಕೆಲಸದ ಹೊತ್ತಿಗೆ ಗೈರ್ ಮುಲ್ಕಿ, ಹೊರಸೀಮೆಯವಳು ಎಂದರು. ಎರಡು ತಿಂಗಳಿಂದ ಬಟ್ಟೆ ತೊಳೆಯಲಷ್ಟೇ ಬಿಟ್ಟಿದ್ದರು. ಇಂದು ಡಾಕ್ಟರಮ್ಮ ದೇವದುರ್ಗಕ್ಕೆ ಹೋಗಿದ್ದರು; ಹೆರಿಗೆ ನೋಡಲು ಬೇರೆ ಯಾರೂ ಇರಲಿಲ್ಲ.

"ನಾ ಕೈ ಬಿಟ್ರ ಇಕೀನ್ನ ಯಾರು ನೋಡ್ತಾರ್ರೀ ಸಾಹೇಬ್ರ? ನೀವು ಬರ್ತೀರೇನು ಒಳಗ?" ಎಂದಳು ಅಹಲ್ಯಾಬಾಯಿ.

ನೋವಿನಲ್ಲಿದ್ದ ವೀರಭದ್ರಮ್ಮ ಅವಳ ಸೆರಗು ಹಿಡಿದು, "ಹೋಗಬ್ಯಾಡ ಯಕ್ಕಾ" ಎಂದಳು.

ಕೂಸು ಅತ್ತಿತು. ಹೊಕ್ಕುಳಬಳ್ಳಿ ಕತ್ತರಿಸಿ, ಕೂಸನ್ನು ತಾಯಿಯ ಎದೆಗಿಟ್ಟು, ಎಲ್ಲ ಮುಗಿಸಿ ಅಹಲ್ಯಾಬಾಯಿ ಒದ್ದೆ ಕೈಯಲ್ಲೇ ಹೊರಬಂದಳು. ದವಾಖಾನೆಯ ರಿಜಿಸ್ಟರು ತೆರೆದು, ಹೆರಿಗೆ ಮಾಡಿಸಿದವರ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನೂ ಊರನ್ನೂ ದಪ್ಪ ಅಕ್ಷರದಲ್ಲಿ ಬರೆದು, ಸಾಹೇಬರ ಮುಂದೆ ಇಟ್ಟಳು.

"ಈಗ ಹೊಡದು ಹಾಕ್ರಿ, ನೋಡೂಣು."

ಸಾಹೇಬರು ಪೆನ್ನು ತೆಗೆದರು. ಪರದೆಯ ಕಡೆ ಒಮ್ಮೆ ನೋಡಿ, ಅವಳ ಹೆಸರಿನ ಕೆಳಗೆ ಸಹಿ ಹಾಕಿದರು.