ನೆಲಕ್ಕೆ ಬಿದ್ದ ಲೆನ್ಸು

“ನಮ್ಮನೇಲಿ ಯಾರಿಗೂ ಕಣ್ಣಿನ ದೋಷ ಇಲ್ಲ, ಕನ್ನಡಕದ ಹುಡುಗಿ ಬೇಡ ಅಂದೋರು ನೀವೇ ತಾನೆ? ಮತ್ತೆ ಬೆರಳ ಮೇಲಿದ್ದದ್ದು ಏನ್ರೀ?” ಬಚ್ಚಲುಮನೆ ಬಾಗಿಲಲ್ಲಿ ನಿಂತು ಅರುಣಾ ಕೂಗಿದಳು. ಅವಳು ದಿಢೀರನೆ ಬಾಗಿಲು ತಳ್ಳಿದ್ದಕ್ಕೆ ಬೆಚ್ಚಿದ ಗಂಡ ಶಶಿಧರನ ಬೆರಳಿನಿಂದ ಕಾಂಟ್ಯಾಕ್ಟ್ ಲೆನ್ಸು ಜಾರಿ ಬಿದ್ದಿತ್ತು. ಅವನು ಮಂಡಿಯೂರಿ ನೆಲವನ್ನು ಅಂಗೈಯಲ್ಲಿ ಸವರುತ್ತಿದ್ದ. ಮದುವೆಯಾಗಿ ಮೂರು ತಿಂಗಳು. ಅವನು ದಿನಾ ತನಗಿಂತ ಮೊದಲು ಏಳುವುದು ತೆಂಗಿನ ತೋಟಕ್ಕೆ ಹೋಗಲು ಎಂದೇ ಅವಳು ನಂಬಿದ್ದಳು.

“ಮೆಲ್ಲಗೆ ಮಾತಾಡೇ, ಪಕ್ಕದ್ಮನೆಗೆ ಕೇಳ್ಸುತ್ತೆ,” ಎನ್ನುತ್ತ ಅತ್ತೆ ವಿಶಾಲಮ್ಮ ಬಂದರು. “ಅವನಿಗೆ ಕಾಲೇಜಿಂದ್ಲೂ ಐತೆ, ಏನೀಗ? ಮದ್ವೆಗೆ ಮುಂಚೆ ಕಣ್ಣಿನ ಆಪರೇಷನ್ ಆಗಿ, ಕನ್ನಡಕ ಹೋಗಿ ನಿಂಗೆ ಒಳ್ಳೇದೇ ಆಯ್ತಲ್ಲ.”

“ಒಳ್ಳೇದಾ? ಭಯ ಆಗುತ್ತೆ, ಕನ್ನಡಕಾನೇ ಸಾಕು ಅಂತ ನಿಮ್ಮೆದುರಿಗೇ ಅತ್ತಿದ್ದೆ ಅತ್ತೆ. ಈಗ್ಲೂ ಕಣ್ಣು ಉರೀತದೆ, ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಬಿಟ್ಕೋತೀನಿ. ನಿಮ್ಮ ಮಗನಿಗ್ಯಾಕೆ ಮಾಡಿಸ್ಲಿಲ್ಲ?”

“ನಂಗೂ ಭಯ ಕಣೇ,” ಎಂದ ಶಶಿಧರ, ತಲೆ ಎತ್ತದೆ. “ಲೇಸರ್ ಅಂದ್ರೆ ಆಗಲ್ಲ ನಂಗೆ. ಆಮೇಲೆ ಬೈಯುವಂತೆ, ಮೊದ್ಲು ಹುಡುಕ್ಕೊಡು. ನಿಂಗೆ ಚೆನ್ನಾಗಿ ಕಾಣುತ್ತಲ್ಲ.”

ಚೆನ್ನಾಗಿಯೇ ಕಾಣುತ್ತಿತ್ತು. ಅವನ ಎಡಗೈಯಿಂದ ಒಂದು ಗೇಣು ಆಚೆ, ಹಂಡೆಯ ಬುಡದಲ್ಲಿ, ಲೆನ್ಸು ನೀರಿನ ಹನಿಯಂತೆ ಹೊಳೆಯುತ್ತಿತ್ತು. ಅರುಣಾ ಅದನ್ನು ನೋಡಿದಳು, ಅಡ್ಡಾದಿಡ್ಡಿ ತಡಕುತ್ತಿದ್ದ ಅವನ ಕೈಯನ್ನೂ ನೋಡಿದಳು. ಲೆನ್ಸನ್ನು ಅಲ್ಲೇ ಬಿಟ್ಟು, ಗೂಡಿನಲ್ಲಿದ್ದ ತನ್ನ ಡ್ರಾಪ್ಸ್ ಬಾಟಲಿ ತೆಗೆದುಕೊಂಡು ಹೋಗಿ ತವರೂರು ಅರಸೀಕೆರೆಯ ಬಸ್ಸು ಹತ್ತಿದಳು. ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.