ಸಮುದ್ರದ ಜ್ವರ

ಆ ದಿನ ಲವ್ರೆಂತಿ ಸಮುದ್ರದ ಜ್ವರ ಕೇಳಲಿಲ್ಲ.

ರೋದಿಯೋನ್ ಬಾಗಿಲಲ್ಲೇ ನಿಂತ. ಮಂಜುಗಡ್ಡೆಗೆ ಕೊರೆದ ತೂತಿನಿಂದ ಆಳದ ನೀರೆತ್ತಿ, ಉಷ್ಣತೆ ಅಳೆದು, ಅಂಕಿಗಳನ್ನು ರೇಡಿಯೋ ಗುಡಿಸಲಿಗೆ ತರುವುದು ಅವನ ಕೆಲಸ. “ಎಷ್ಟಪ್ಪಾ ಜ್ವರ ಇವತ್ತು ನಿನ್ನ ಸಮುದ್ರಕ್ಕೆ?” ಎಂದು ಛೇಡಿಸಿಯೇ ಲವ್ರೆಂತಿ ಅವನ್ನು ತೀರದ ಕೇಂದ್ರಕ್ಕೆ ಕಳಿಸುತ್ತಿದ್ದ. ಇವತ್ತು ಎರಡು ಸಲ ಓದಿಸಿದ. ಮುಖ ಎತ್ತಲಿಲ್ಲ.

“ಮನೆಯಿಂದ ಏನಾದ್ರೂ ಬಂತಾ?”

“ನಿನಗೇನೂ ಬಂದಿಲ್ಲ. ಹೋಗು, ಊಟ ಮಾಡು.”

ಧ್ರುವದ ಮಂಜುಗಡ್ಡೆಯ ಮೇಲೆ ತೇಲುವ ಆ ಶಿಬಿರದಲ್ಲೊಂದು ಕಟ್ಟಳೆಯಿತ್ತು. ಚಳಿಗಾಲದ ತಿಂಗಳುಗಟ್ಟಲೆ ಕತ್ತಲು ಮುಗಿದು, ಸೂರ್ಯ ಮರಳಿ, ವಿಮಾನ ಇಳಿಯುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಆದ್ದರಿಂದ ಮನೆಯ ಸಾವಿನ ಸುದ್ದಿ ಬಂದರೆ ರೇಡಿಯೋದವನು ಮುಖ್ಯಸ್ಥನಿಗೆ ಮಾತ್ರ ಹೇಳಬೇಕು. ವಿಮಾನ ಬರುವವರೆಗೆ ಇಬ್ಬರೂ ಬಾಯಿ ಬಿಡಬಾರದು. ಹೊರಡುವಾಗ ಎಲ್ಲರೂ ಒಪ್ಪಿದ್ದರು. ರೋದಿಯೋನ್ ಕೂಡ. ಹೆಂಡತಿ ಕ್ಲಾವ ಬಸುರಿಯೆಂದು ಆಗ ತಿಳಿದಿರಲಿಲ್ಲ. ಅವಳ ಹೃದಯ ದುರ್ಬಲ. ಈಗ ಹೆರಿಗೆಯ ತಿಂಗಳು.

ಅವನು ಮುಖ್ಯಸ್ಥನ ಬಳಿ ಹೋದ. “ತಿಖೋನ್ ಸವೆಲ್ಯೆವಿಚ್, ನಿಜ ಹೇಳಿಬಿಡಿ.”

“ನನ್ನ ತನಕ ಯಾವ ಸುದ್ದಿಯೂ ಬಂದಿಲ್ಲಪ್ಪಾ.”

ಬಂದಿದ್ದರೂ ಇದನ್ನೇ ಹೇಳುತ್ತಿದ್ದರು.

ಕೆಲವು ದಿನಗಳ ಬಳಿಕ ಲವ್ರೆಂತಿ ತಂತಿಯೊಂದನ್ನು ಓದಿ ಹೇಳಿದ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಅವನ ದನಿ ಸತ್ತವನ ದನಿಯಂತಿತ್ತು. ಚಳಿಗಾಲವಿಡೀ ತಾನು ಪೆಟ್ಟಿಗೆಯ ಹಲಗೆಯಲ್ಲಿ ಕೆತ್ತುತ್ತಿದ್ದ ಕುದುರೆಯನ್ನು ಮುಂದೆ ಚಾಚಿದ. “ಮಗಳಿಗೆ ಕೊಡು.”

ಮಗು ಉಳಿದಿದೆ, ಕ್ಲಾವ ಇಲ್ಲ. ತಂತಿ ಕಟ್ಟುಕತೆ ಎಂದುಕೊಂಡ ರೋದಿಯೋನ್. ಕುದುರೆಯನ್ನು ಜೇಬಿಗಿಳಿಸಿದ. ಅಳು ಬರಲಿಲ್ಲ.

ಆಮೇಲೆ ನೀರೆತ್ತಿದ, ಅಳೆದ, ಅಂಕಿ ಕೊಟ್ಟ. ಲವ್ರೆಂತಿ ಒಂದು ಹೊತ್ತೂ ತಪ್ಪದೆ ಕಳಿಸಿದ. ಬೆರಳು ಹೆಪ್ಪುಗಟ್ಟಿದ್ದು ರೋದಿಯೋನನಿಗೆ ಗೊತ್ತಾಗಲಿಲ್ಲ. ಅಡಿಗೆಯವನು ನೋಡಿ ಹೇಳಿದ. ಮನೆಗೆ ತಂತಿ ಕೊಡುವುದನ್ನೂ ರೋದಿಯೋನ್ ನಿಲ್ಲಿಸಿದ.

“ಕ್ಲಾವಳಿಗೆ ಎರಡು ಮಾತು ಕಳಿಸೋ,” ಎಂದ ಲವ್ರೆಂತಿ ಒಮ್ಮೆ. “ಇರೋವಾಗ ಕಳಿಸ್ಬೇಕು.”

ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾನೆ ಎನಿಸಿತು ರೋದಿಯೋನನಿಗೆ.

ಸೂರ್ಯ ಬಂದ, ವಿಮಾನ ಇಳಿಯಿತು. ಪೈಲಟ್ ಕೊಟ್ಟ ಪೊಟ್ಟಣದಲ್ಲಿ ಒಂದು ಫೋಟೋ. ಕ್ಲಾವ, ತೊಡೆಯ ಮೇಲೆ ಬೋಳುತಲೆಯ ಮಗಳು.

ಅದನ್ನು ಹಿಡಿದುಕೊಂಡೇ ರೋದಿಯೋನ್ ರೇಡಿಯೋ ಗುಡಿಸಲಿಗೆ ಓಡಿದ. ಇಷ್ಟು ದಿನ ತೀರದ ಕೇಂದ್ರದಲ್ಲಿ ಕೂತು ತಂತಿ ಕಳಿಸುತ್ತಿದ್ದ ಗೆನ್ನಾದಿ ಲವ್ರೆಂತಿಯ ಜಾಗ ವಹಿಸಿಕೊಳ್ಳಲು ಅದೇ ವಿಮಾನದಲ್ಲಿ ಬಂದಿದ್ದ. ಆ ಚಳಿಯಲ್ಲೂ ಟೋಪಿ ತೆಗೆದು ಲವ್ರೆಂತಿಯ ಮುಂದೆ ನಿಂತಿದ್ದ.

“ಆವತ್ತು ನಿನ್ನ ಮಗ ತೀರಿಹೋದ ಸುದ್ದಿನ ನಿನ್ನ ಕಿವಿಗೇ ಬಡೀಬೇಕಾಯ್ತಲ್ಲೋ, ಲವ್ರೆಂತಿ. ಈ ಕಡೆ ಬರ್ಕೊಳ್ಳೋಕೆ ಬೇರೆ ಯಾರೂ ಇರ್ಲಿಲ್ಲ.”