ಏನೂ ತ್ರಾಸ ಇಲ್ಲರಿ

"ಕಂಠೆಪ್ಪ, ನೀವs ಹೇಳೀರಂತಲ್ಲ, ಏನೂ ತ್ರಾಸ ಇಲ್ಲರಿ ಅಂತ!" ವಕೀಲೆ ಅಖ್ತರಬಾನು ಫೋನು ಕೆಳಗಿಟ್ಟು ಹಣೆ ಹಣೆ ಚಚ್ಚಿಕೊಂಡರು. ಆಗಷ್ಟೇ ಕಾಲೇಜಿನ ಪ್ರಿನ್ಸಿಪಾಲರ ಜೊತೆ ಮಾತು ಮುಗಿಸಿದ್ದರು. ಎದುರಿಗೆ ಕುಳಿತಿದ್ದ ಕಂಠೆಪ್ಪ ಹೌದೆಂದು ತಲೆಯಾಡಿಸಿದ. ಅದರಲ್ಲಿ ತಪ್ಪೇನಿದೆ ಎಂಬುದು ಅವನಿಗೆ ತಿಳಿಯಲಿಲ್ಲ.

ತಪ್ಪೆಲ್ಲ ಅದರಲ್ಲೇ ಇತ್ತು. ಅವನ ಮಗಳು ಬಾಳಮ್ಮನಿಗೆ ಕೂಸಾಗಿದ್ದಾಗಲೇ ಪೋಲಿಯೋ ಆಗಿತ್ತು. ಸಪಾಟು ನೆಲದ ಮೇಲೆ ಊರುಗೋಲು ಹಿಡಿದು ಹೇಗೋ ನಡೆಯುತ್ತಾಳೆ, ಮೆಟ್ಟಿಲು ಮಾತ್ರ ಆಗದು. ಫೋಂಡಾದ ಕಾಲೇಜಿನಲ್ಲಿ ಅವಳ ಬಿ.ಕಾಂ. ತರಗತಿ ಇರುವುದು ಮಹಡಿಯ ಮೇಲೆ. ಕೆಳಗಿನ ಕೋಣೆಯಲ್ಲಿ ಮುರಿದ ಬೆಂಚುಗಳು ಆರಾಮಾಗಿ ಮಲಗಿವೆ. ತರಗತಿಯನ್ನು ಕೆಳಗೆ ತನ್ನಿ ಎಂದು ಹುಡುಗಿ ಕೇಳಿ ಕೇಳಿ ಸಾಕಾಗಿದ್ದಳು. ಅಂಗವಿಕಲರಿಗೆಂದು ಹೊಸ ಕಾಯ್ದೆ ಬಂದಿದೆ ಎಂದು ಧಾರವಾಡ ರೇಡಿಯೋದಲ್ಲಿ ಕೇಳಿ ಅಪ್ಪನನ್ನು ಹೊರಡಿಸಿಕೊಂಡು ಬಂದವಳೂ ಅವಳೇ. ಕೊಂಕಣಿ ಮಾತಿನ ಈ ಊರಲ್ಲಿ ವಕೀಲೆ ಬೆಳಗಾವಿ ಕಡೆಯವರು, ಕನ್ನಡ ಬಲ್ಲವರು ಎಂಬುದೊಂದು ಧೈರ್ಯ.

ಕಂಠೆಪ್ಪ ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ಹಮಾಲ. ಬೆಳಿಗ್ಗೆ ಪಾಳಿಗೆ ಹೋಗುವ ಮೊದಲು ಮಗಳನ್ನು ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸುತ್ತಾನೆ, ಸಂಜೆ ಬಂದು ಇಳಿಸಿಕೊಂಡು ಹೋಗುತ್ತಾನೆ. ಒಂದು ದಿನ ಪ್ರಿನ್ಸಿಪಾಲರು ಮೆಟ್ಟಿಲ ಬಳಿ ತಡೆದು, ತೊಂದರೆ ಏನಾದರೂ ಇದೆಯೇ ಎಂದು ವಿಚಾರಿಸಿದರು. ಇಂಥ ಪ್ರಶ್ನೆಗೆ ಹಮಾಲರ ಬಾಯಲ್ಲಿ ಒಂದೇ ಉತ್ತರ. ಚೀಲ ಭಾರ ಎಂದವನನ್ನು ಮುಕಾದಮ ಮರುದಿನ ಕೆಲಸಕ್ಕೆ ಕರೆಯುವುದಿಲ್ಲವಲ್ಲ! ಕಂಠೆಪ್ಪ ಮಗಳನ್ನು ಹೊತ್ತುಕೊಂಡೇ, ಏದುಸಿರು ಬಿಡುತ್ತಲೇ, "ಏನೂ ತ್ರಾಸ ಇಲ್ಲರಿ ಸಾಹೇಬ್ರ" ಎಂದುಬಿಟ್ಟ. ಪುಣ್ಯಾತ್ಮರಿಗೆ ಅಷ್ಟೇ ಬೇಕಾಗಿತ್ತು.

"ನೀ ಅಲ್ಲೇ ಇದ್ದೆಲ್ಲ, ನೀನರ ಹೇಳಬಾರದೇನು?" ಅಖ್ತರಬಾನು ಬಾಳಮ್ಮನತ್ತ ತಿರುಗಿದರು.

"ಹೇಳಾಕ ಬಾಯಿ ತಗದೆರಿ. ಅಷ್ಟರಾಗ ಅಪ್ಪ ಅರ್ಧ ಮೆಟ್ಟಲ ಹತ್ತಿಬಿಟ್ಟಿದ್ದ. ನಾ ಬೆನ್ನ ಮ್ಯಾಲ, ಸಾಹೇಬ್ರು ಕೆಳಗ!"

"ಈಗ ಅವರು ಅದೊಂದs ಮಾತು ಹಿಡಕೊಂಡು ಕುಂತಾರ. ತಂದಿಗೇ ತ್ರಾಸ ಇಲ್ಲಂದ್ರ ನಾವ್ಯಾಕ ಕ್ಲಾಸ್ ಬದಲಿ ಮಾಡೂಣು ಅಂತಾರ. ಕಂಠೆಪ್ಪ, ಕೋರ್ಟಿನಾಗ ನೀವು ಖರೇ ಹೇಳಬೇಕು. ದಿನಾ ಹೊರೂದು ಆಗೂದಿಲ್ಲ, ಭಾರ ಆಗತೈತಿ ಅಂತ."

"ಅದೊಂದು ಹೇಳಂಗಿಲ್ರಿ ಬಾಯಾರ."

"ಯಾಕ?"

"ಸಿಮೆಂಟ್ ಚೀಲಾನ ಇಲ್ಲೀತನಕ ಭಾರ ಅಂದಿಲ್ಲ. ಹೆತ್ತ ಮಗಳನ್ನ ಅನ್ಲೇನ್ರಿ? ಅದೂ ಆಕಿ ಮುಂದ? ಹೂವಿನಂಗ ಅದಾಳ್ರಿ ನಮ್ಮ ಬಾಳಿ."

"ಹೂವು ಹೊತ್ತಾವ್ರು ಹಿಂಗ ತೇಕತಾರೇನಪ್ಪಾ?" ಬಾಳಮ್ಮ ನಕ್ಕಳು. "ಬಾಯಾರ, ಅವ್ವ ಬೆನ್ನಿಗೆ ಎಣ್ಣಿ ತಿಕ್ಕುವಾಗ ಓಣಿಗೆಲ್ಲಾ ಕೇಳೂ ಹಂಗ ಒದರತಾನ್ರಿ."

"ಅದು ಚೀಲದ ನೋವಲೇ. ನಿಂದಲ್ಲ."

ಅಖ್ತರಬಾನುಗೂ ನಗು ತಡೆಯಲಾಗಲಿಲ್ಲ. ಬಿಸಿಲಲ್ಲಿ ಬಂದವರು ಎಂದು ಇಬ್ಬರ ಮುಂದೂ ನೀರಿನ ಗ್ಲಾಸು ಸರಿಸಿದರು. ಕಂಠೆಪ್ಪ ಗಟಗಟ ಕುಡಿದು ಮುಗಿಸಿದ. ಬಾಳಮ್ಮ ತುಟಿ ಸವರಿಕೊಂಡಳೇ ಹೊರತು ಗ್ಲಾಸು ಮುಟ್ಟಲಿಲ್ಲ.

"ಆಕಿ ಕುಡಿಯಂಗಿಲ್ಲ ಬಿಡ್ರಿ," ಎಂದ ಕಂಠೆಪ್ಪ, ದೊಡ್ಡ ಸಾಧನೆಯನ್ನು ಹೇಳುವವನಂತೆ. "ಕಾಲೇಜಿಗೆ ಹೋಗೂ ದಿನ ಮುಂಜಾನೆ ಚಾ ಸುದ್ದಾ ಒಲ್ಲೆ ಅಂತಾಳ. ಇಲ್ಲಿಂದ ಈಗ ಸೀದಾ ಕಾಲೇಜಿಗೇ ಹೋಗೂದೈತಲ್ರಿ. ಓದೂ ಹುಡುಗೂರಿಗೆ ನೀರಡಿಕಿ ಕಡಿಮಿ ಕಾಣಸ್ತೈತಿ."

ಅಖ್ತರಬಾನು ಹುಡುಗಿಯ ಒಣಗಿದ ತುಟಿಯನ್ನೇ ನೋಡಿದರು. ಅವರ ನಗು ಎಲ್ಲಿಗೋ ಹೋಗಿತ್ತು.

"ಕಾಲೇಜಿನಾಗ ಹೆಣ್ಣುಮಕ್ಕಳ ಸಂಡಾಸ ಎಲ್ಲೈತಿ ಬಾಳಮ್ಮ?"

ಬಾಳಮ್ಮ ತಲೆ ತಗ್ಗಿಸಿದಳು. "ಕೆಳಗ್ರಿ."

"ಅಪ್ಪ ನಿನ್ನ ಮ್ಯಾಲ ಬಿಟ್ಟು ಹೋದ್ರ ಮತ್ತ ಬರೂದು ಯಾವಾಗ?"

"ಸಂಜಿಕ್ರಿ."

ಕಂಠೆಪ್ಪ ಒಮ್ಮೆ ವಕೀಲೆಯ ಮುಖ ನೋಡಿದ, ಒಮ್ಮೆ ತುಂಬಿದ ಗ್ಲಾಸು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ದನಿಯೇ ಇಳಿದುಹೋಯಿತು.

"ನನಗೊಂದ ಮಾತು ಹೇಳಬಾರದೇನವ್ವಾ?"

"ಹೇಳಿದ್ರ ನೀ ಮಧ್ಯಾಹ್ನಾನೂ ಕೆಲಸ ಬಿಟ್ಟು ಓಡಿ ಬರತಿದ್ದಿ. ಬರತಿದ್ದಿಲ್ಲ ಅನ್ನು ನೋಡೂಣು?"

ಖಂಡಿತ ಓಡಿ ಬರುತ್ತಿದ್ದ, ಕೆಲಸ ಕಳಕೊಂಡೂ ಬರುತ್ತಿದ್ದ. ಮಗಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಅಪ್ಪನ ಬೆನ್ನು ಉಳಿಸಲು ಅವಳು ದಿನವಿಡೀ ಗಂಟಲು ಒಣಗಿಸಿಕೊಂಡು ಕೂತಿದ್ದಳು. ಕಂಠೆಪ್ಪ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿದ. ಒರೆಸಿದ್ದು ಬೆವರೇ ಎಂದು ಇಬ್ಬರು ಹೆಂಗಸರೂ ನಂಬಿದಂತೆ ಮಾಡಿದರು.

"ಬರಕೋರಿ ಬಾಯಾರ," ಎಂದ. "ತ್ರಾಸ ಐತಿ. ಭಾಳ ತ್ರಾಸ ಐತಿ. ಯಾವ ಕೋರ್ಟಿನಾಗ ಬೇಕಾದ್ರೂ ನಿಂತು ಹೇಳ್ತೇನಿ."

"ಭಾರ ಆಗತೈತಿ ಅಂತ?"

"ಹೂಂನ್ರಿ. ಇವತ್ತಿಂದ ಭಾರ ಆಗತೈತಿ."

ಬಾಳಮ್ಮ ಅಪ್ಪನ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ ಅವಳ ಕಣ್ಣು ಕೋಣೆಯ ಹಿಂಬಾಗಿಲಿನ ಕಡೆ ಹೋಯಿತು.

"ಅಲ್ಲೇ ಹಿಂದs ಐತಿ," ಎಂದರು ಅಖ್ತರಬಾನು. "ನಡುವ ಒಂದೂ ಮೆಟ್ಟಲಿಲ್ಲ."

ಹುಡುಗಿ ಗ್ಲಾಸು ಎತ್ತಿ ಒಂದೇ ಉಸಿರಿಗೆ ಖಾಲಿ ಮಾಡಿ ಕೆಳಗಿಟ್ಟಳು. ಕಂಠೆಪ್ಪ ಯಾರನ್ನೂ ಕೇಳದೆ ಮೇಜಿನ ಮೇಲಿದ್ದ ತಂಬಿಗೆ ಎತ್ತಿಕೊಂಡು ಗ್ಲಾಸನ್ನು ಮತ್ತೆ ಅಂಚಿನವರೆಗೆ ತುಂಬಿಸಿದ.